ಅತ್ತೆಯ ಮಂಡಿನೋವು, ಅಪ್ಪನ ಆಸೆ, ನಮ್ಮ ಅಂಡಮಾನ್ ಪ್ಲಾನ್

ಈ ಬೇಸಿಗೆ ರಜೆಗೆ ಅಂಡಮಾನ್ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಹೊರಡುವವರು ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಪುಟ್ಟ, ಮಂಡಿನೋವಿನ ನಮ್ಮ ಅತ್ತೆ, ಮತ್ತೆ ಹೈಸ್ಕೂಲಿನಲ್ಲಿ ಹಿಸ್ಟರಿ ಪಾಠ ಮಾಡಿ ರಿಟೈರ್ ಆದ ನಮ್ಮಪ್ಪ. ದಾವಣಗೆರೆಯಿಂದ ಇಷ್ಟು ಜನರನ್ನು ಬಂಗಾಳ ಕೊಲ್ಲಿಯ ನಡುವಿನ ದ್ವೀಪಕ್ಕೆ ಕರೆದುಕೊಂಡು ಹೋಗಿ, ಯಾರಿಗೂ ತೊಂದರೆ ಆಗದ ಹಾಗೆ ವಾಪಸ್ ಕರೆತರುವ ಜವಾಬ್ದಾರಿ ನನ್ನದು. ಕೆಲವು ವಾರಗಳಿಂದ ಓದಿ, ಹೋಗಿ ಬಂದವರಿಗೆ ಫೋನ್ ಮಾಡಿ ಕೇಳಿ ಒಂದು ರೂಪಕ್ಕೆ ತಂದಿದ್ದೇನೆ. ವಯಸ್ಸಾದವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ದ್ವೀಪ ಅಂದ ತಕ್ಷಣ ಮೊದಲು ಬಂದ ಹೆಸರು ಲಕ್ಷದ್ವೀಪ. ನಮಗೆ ಅದೇ ಹತ್ತಿರ ಅಲ್ವಾ? ಅಪ್ಪ ಇನ್ನೊಂದು ವಿಷಯ ಹೇಳಿದರು. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವಂತೆ. ಹಾಗಾಗಿ ಆಸೆ ಇತ್ತು. ಆದರೆ ಅಲ್ಲಿಗೆ ಹೋಗಲು ಪ್ರತಿಯೊಬ್ಬರಿಗೂ ಪರ್ಮಿಟ್ ಬೇಕು, ಹಡಗಿನ ಸೀಟೂ ಉಳಿಯುವ ಜಾಗವೂ ಕಡಿಮೆ. ಮನೆ ಮಂದಿಗೆಲ್ಲ ಒಂದೇ ದಿನಕ್ಕೆ ಹೊಂದಿಸುವುದು ಕಷ್ಟ. ಅಂಡಮಾನ್‌ನ ಮುಖ್ಯ ಪ್ರವಾಸಿ ದ್ವೀಪಗಳಿಗೆ ನಮ್ಮವರಿಗೆ ಪರ್ಮಿಟ್ ಬೇಡ, ಆಧಾರ್ ಸಾಕು. ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಚೆನ್ನೈನಿಂದ ಹಡಗಿನಲ್ಲಿ ಹೋದರೆ ಸುಮಾರು ಮೂರು ದಿನ. ಮಗಳಿಗೆ ಅದೇ ಬೇಕಿತ್ತು, ಅತ್ತೆಯ ಮಂಡಿಗೆ ಅದು ಆಗದ ಮಾತು.

ಮನೆಯಲ್ಲಿ ದೊಡ್ಡ ಚರ್ಚೆ ಆಗಿದ್ದು ಯಾವಾಗ ಹೋಗುವುದು ಅನ್ನುವುದಕ್ಕೆ. ನಮ್ಮನೆಯವರು ಬ್ಯಾಂಕಿನವರು. ಮಾರ್ಚ್ ಲೆಕ್ಕ ಮುಗಿದು ಉಸಿರು ಬಿಡುವಷ್ಟರಲ್ಲಿ ಏಪ್ರಿಲ್ ಅರ್ಧ ಹೋಗಿರುತ್ತದೆ. ಮೇ ಮೂರನೇ ವಾರ ಹೋಗೋಣ, ಅಷ್ಟರಲ್ಲಿ ನಾದಿನಿ ಮಗಳ ಮದುವೆಯೂ ಮುಗಿದಿರುತ್ತದೆ ಅಂದರು. ನಾನು ಒಪ್ಪಲಿಲ್ಲ. ಕೇರಳಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಬರುತ್ತದೆ, ನಮ್ಮ ಲೆಕ್ಕವೆಲ್ಲ ಅದರ ಮೇಲೆ. ಅಂಡಮಾನ್‌ಗೆ ಅದೇ ಮುಂಗಾರು ಅದಕ್ಕೂ ಮೊದಲೇ ಬರುತ್ತದೆ. 2025ರಲ್ಲಂತೂ ಮೇ 13ಕ್ಕೇ ಬಂದಿತ್ತು. ಅದರ ಮೇಲೆ ಮೇ ತಿಂಗಳು ಬಂಗಾಳ ಕೊಲ್ಲಿಗೆ ಚಂಡಮಾರುತದ ತಿಂಗಳು. 2020ರಲ್ಲಿ ಅಂಫಾನ್, 2021ರಲ್ಲಿ ಯಾಸ್, 2023ರಲ್ಲಿ ಮೋಕಾ, ಎಲ್ಲವೂ ಮೇ ತಿಂಗಳಿನವೇ. ಸಮುದ್ರ ಕೆಟ್ಟರೆ ದ್ವೀಪಗಳ ನಡುವಿನ ಬೋಟು ನಿಲ್ಲುತ್ತದೆ. ಬೋಟು ನಿಂತರೆ ನಾವು ಇದ್ದಲ್ಲೇ ಇರಬೇಕು, ವಿಮಾನ ನಮಗಾಗಿ ಕಾಯುವುದಿಲ್ಲ. ಇದನ್ನೆಲ್ಲ ಕೂತು ಹೇಳಿದ ಮೇಲೆ ಅವರು ಏಪ್ರಿಲ್ ಕೊನೆಗೇ ರಜೆ ಹಾಕಿದರು. ಸೆಖೆ ಇರುತ್ತದೆ, ಇರಲಿ. ದಾವಣಗೆರೆಯ ಏಪ್ರಿಲ್ ಕಂಡವರಿಗೆ ಅದು ಹೊಸದಲ್ಲ.

ಶುರುವಿನಲ್ಲಿ ಒಂದು ಟ್ರಾವೆಲ್ಸ್‌ನವರಿಂದ ಪ್ಯಾಕೇಜ್ ತರಿಸಿದ್ದೆ. ಬೆಳಗ್ಗೆ ಒಂದು ದ್ವೀಪ, ಮಧ್ಯಾಹ್ನ ಇನ್ನೊಂದು, ಮಾರನೇ ದಿನ ನಸುಕಿಗೇ ಮತ್ತೊಂದು. ರೇಟು ಪರವಾಗಿಲ್ಲ. ಆದರೆ ಎಷ್ಟು ಸಲ ಬೋಟು ಹತ್ತಬೇಕು, ಎಷ್ಟು ಸಲ ಇಳಿಯಬೇಕು ಅಂತ ಪೆನ್ನು ಹಿಡಿದು ಗುರುತು ಹಾಕುತ್ತಾ ಹೋದಾಗ ನನಗೆ ಅತ್ತೆಯ ಕಾಲೇ ಕಣ್ಣಿಗೆ ಬಂತು. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅವರು ಒಂದು ಕೈ ಗೋಡೆಗೆ ಕೊಟ್ಟು, ಎರಡೂ ಪಾದ ಒಂದೇ ಮೆಟ್ಟಿಲ ಮೇಲೆ ಇಟ್ಟ ಮೇಲೆಯೇ ಮುಂದಿನದಕ್ಕೆ ಕಾಲೆತ್ತುತ್ತಾರೆ. ಅಲುಗಾಡುವ ಬೋಟಿನ ಹಲಗೆ ಮೇಲೆ ಅವರನ್ನು ದಿನಾ ಹತ್ತಿಸಿ ಇಳಿಸುವುದು ಬೇಡವೇ ಬೇಡ. ಪ್ಯಾಕೇಜ್ ಬಿಟ್ಟೆವು. ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್. ಇಷ್ಟೇ. ದಿನಕ್ಕೆ ಒಂದೇ ದೊಡ್ಡ ಕೆಲಸ, ಮಧ್ಯಾಹ್ನ ಎಲ್ಲರೂ ರೂಮಿನಲ್ಲಿ ನಿದ್ದೆ.

ಬುಕ್ ಮಾಡುವವರು ಒಂದು ಗಮನಿಸಿ. ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. 2018ರಲ್ಲಿ ಬದಲಾಗಿದ್ದು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. ಎರಡೂ ಹೆಸರು ಬಳಕೆಯಲ್ಲಿವೆ, ಗಾಬರಿ ಬೀಳಬೇಡಿ.

ಇನ್ನು ಹೊತ್ತಿನ ವಿಷಯ. ಅಂಡಮಾನ್ ಅಷ್ಟು ದೂರ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಮಗಳಿಗೆ ಸ್ಕೂಲಿನಲ್ಲಿ ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ ಅಂತ ಹೇಳಿಕೊಟ್ಟಿದ್ದಾರೆ. ಅಟ್ಲಾಸ್ ತೆಗೆದು, ದಾವಣಗೆರೆ ಹತ್ತಿರ ಹತ್ತಿರ 76 ಡಿಗ್ರಿ, ಪೋರ್ಟ್ ಬ್ಲೇರ್ ಹತ್ತಿರ ಹತ್ತಿರ 93 ಅಂತ ಬರೆದುಕೊಂಡು, ಕಳೆದು ನಾಲ್ಕರಿಂದ ಗುಣಿಸಿದಳು. 68 ನಿಮಿಷ ಬಂತು. ಅಂದರೆ ಏಪ್ರಿಲ್ ಕೊನೆಗೆ ಅಲ್ಲಿ ಬೆಳಗ್ಗೆ ಐದರ ಸುಮಾರಿಗೇ ಸೂರ್ಯ ಹುಟ್ಟುತ್ತಾನೆ, ಸಂಜೆ ಐದೂವರೆ ದಾಟುವಷ್ಟರಲ್ಲಿ ಮುಳುಗಿರುತ್ತಾನೆ. ಇಲ್ಲಿಯ ಹಾಗೆ ಒಂಬತ್ತಕ್ಕೆ ತಿಂಡಿ ಮುಗಿಸಿ, ಹತ್ತಕ್ಕೆ ಹೊರಟು, ಆರಕ್ಕೆ ಬೀಚಿಗೆ ಹೋದರೆ ಕತ್ತಲೆ ನೋಡಿಕೊಂಡು ಬರಬೇಕು.

ಇದು ಅತ್ತೆಗೆ ಬಹಳ ಹಿಡಿಸಿತು. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಆಗದೆ ನೀರೂ ಮುಟ್ಟುವುದಿಲ್ಲ. ಬೆಳಗಿನ ಬೋಟುಗಳು ಬೇಗ ಹೊರಡುತ್ತವೆ, ಪೂಜೆಗೆ ಹೊತ್ತು ಸಿಗುತ್ತೋ ಇಲ್ಲವೋ ಅಂತ ಅವರಿಗೆ ಒಳಗೊಳಗೇ ಚಿಂತೆ ಇತ್ತು. ಐದಕ್ಕೇ ಬೆಳಕಾಗುತ್ತೆ ಅಂದಾಗ, "ಹಂಗಾದ್ರೆ ಸರಿ ಬಿಡವ್ವ, ನನ್ನ ಪೂಜೆ ಮುಗಿದ ಮೇಲೇ ನೀವೆಲ್ಲ ಏಳ್ತೀರಿ" ಅಂದರು.

ಅಪ್ಪನದು ಒಂದೇ ಆಸೆ, ಸೆಲ್ಯುಲಾರ್ ಜೈಲು. ಕರಿನೀರಿನ ಶಿಕ್ಷೆ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವರು, ಆ ಜಾಗ ಮಾತ್ರ ನೋಡಿಲ್ಲ. 1896ರಲ್ಲಿ ಕಟ್ಟಲು ಶುರು ಮಾಡಿ 1906ಕ್ಕೆ ಮುಗಿಸಿದ ಕಟ್ಟಡ. ನಡುವೆ ಒಂದು ಗೋಪುರ, ಅದರಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು. ಈಗ ಉಳಿದಿರುವುದು ಮೂರೇ. 690ಕ್ಕೂ ಹೆಚ್ಚು ಕೋಣೆ, ಒಂದು ಕೋಣೆಗೆ ಒಬ್ಬನೇ ಕೈದಿ. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿವೆ. ಎದುರಿಗೆ ಇನ್ನೊಬ್ಬ ಮನುಷ್ಯನ ಮುಖ ಕಾಣಬಾರದು, ಮಾತು ಹೋಗಬಾರದು ಅಂತಲೇ ಹಾಗೆ ಕಟ್ಟಿದ್ದು. ಎಣ್ಣೆಗಾಣಕ್ಕೆ ಎತ್ತಿನ ಬದಲು ಕೈದಿಗಳನ್ನು ಹೂಡುತ್ತಿದ್ದರು. ಅಪ್ಪ ಊಟದ ಹೊತ್ತಿಗೆ ಇದನ್ನು ಹೇಳುವಾಗ ಪುಟ್ಟ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ. ಅವನಿಗೆ ಎಲ್ಲವೂ ಅರ್ಥ ಆಗುವ ವಯಸ್ಸಲ್ಲ. ಆದರೂ ಆ ಜಾಗವನ್ನು ತಾತನ ಕೈ ಹಿಡಿದೇ ನೋಡಬೇಕು ಅನ್ನುವುದು ನನ್ನ ಆಸೆ. ಜೈಲು ಸೋಮವಾರ ಮುಚ್ಚಿರುತ್ತದೆ, ಅದಕ್ಕೇ ಶನಿವಾರ ಇಳಿಯುವ ಹಾಗೆ ವಿಮಾನದ ಟಿಕೆಟ್ ತೆಗೆದೆವು. ಮೊದಲು ಜೈಲು, ಆಮೇಲೆ ಬೀಚು. ಇದು ಅಪ್ಪನ ಷರತ್ತು.

ಹ್ಯಾವ್ಲಾಕ್‌ನಲ್ಲಿ ಎಲ್ಲರೂ ಸೇರಿ ನೋಡುವುದು ರಾಧಾನಗರ ಬೀಚ್. ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲೇ ಅತ್ಯುತ್ತಮ ಅಂದಿದ್ದು ಇದನ್ನೇ. ಬೋಟು ಇಳಿಯುವ ಜಾಗದಿಂದ ದ್ವೀಪದ ಇನ್ನೊಂದು ಬದಿಗೆ ಗಾಡಿಯಲ್ಲಿ ಹೋಗಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಬೀಚು, ಆದ್ದರಿಂದ ಸೂರ್ಯಾಸ್ತ ಅಲ್ಲೇ. ಮರಳಿಗೆ ತಾಗಿಕೊಂಡೇ ದೊಡ್ಡ ಮರಗಳಿವೆ, ಹಿರಿಯರು ನೆರಳಲ್ಲಿ ಕೂರಬಹುದು. ಮೂರೂವರೆಗೆಲ್ಲ ಅಲ್ಲಿ ಇರಬೇಕು ಅಂತ ಬರೆದುಕೊಂಡಿದ್ದೇನೆ. ಹವಳ ನೋಡಲು ಎಲಿಫೆಂಟ್ ಬೀಚ್‌ಗೆ ಸಣ್ಣ ಬೋಟಿನಲ್ಲಿ ಹೋಗಬೇಕು, ಅಲ್ಲಿಗೆ ಅತ್ತೆ ಬರುವುದಿಲ್ಲ. ಅಪ್ಪ ಅವರ ಜೊತೆ ರೂಮಿನಲ್ಲಿ ಉಳಿಯುತ್ತಾರೆ. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಅಂತ ಹಟ ಹಿಡಿಯದೇ ಇದ್ದರೆ ಪ್ಲಾನ್ ಎಷ್ಟು ಹಗುರ ಆಗುತ್ತದೆ ನೋಡಿ.

ಮಗಳಿಗೆ ಸ್ಕೂಬಾ ಮಾಡುವ ಆಸೆ. ಹತ್ತು ವರ್ಷ ದಾಟಿದವರನ್ನು ತರಬೇತುದಾರರ ಜೊತೆ ಇಳಿಸುತ್ತಾರೆ, ಈಜು ಬರಲೇಬೇಕು ಅಂತಿಲ್ಲ. ಆದರೂ ನಾನು ಈಗಲೇ ಈಜು ಕ್ಲಾಸಿಗೆ ಹಾಕಿದ್ದೇನೆ. ನೀರಿನ ಭಯ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ನೆನಪಿಡಬೇಕಾದ್ದು ಇನ್ನೊಂದಿದೆ, ಸ್ಕೂಬಾ ಮಾಡಿದ ತಕ್ಷಣ ವಿಮಾನ ಹತ್ತುವ ಹಾಗಿಲ್ಲ. ಸಾಮಾನ್ಯವಾಗಿ 18 ಗಂಟೆ ಬಿಡಬೇಕು ಅನ್ನುತ್ತಾರೆ. ಅದಕ್ಕೇ ಸ್ಕೂಬಾ ಹ್ಯಾವ್ಲಾಕ್‌ನಲ್ಲೇ, ನೀಲ್‌ಗೆ ಹೋಗುವ ಮೊದಲೇ.

ನೀಲ್ ದ್ವೀಪದ ಪ್ಲಾನ್ ಮಾಡುವಾಗ ಗೋಡೆಯ ಕ್ಯಾಲೆಂಡರ್ ಕೆಳಗಿಳಿಯಿತು. ಲಕ್ಷ್ಮಣಪುರದಲ್ಲಿ ಸಮುದ್ರವೇ ಕೊರೆದು ಮಾಡಿದ ಕಲ್ಲಿನ ಸೇತುವೆ ಇದೆ. ಇಳಿತದ ಹೊತ್ತಿನಲ್ಲಿ ಮಾತ್ರ ಅದರ ಹತ್ತಿರ ನಡೆದು ಹೋಗಬಹುದು. ಬಂಡೆಗಳ ನಡುವಿನ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಮೀನು, ಏಡಿ, ಸಮುದ್ರ ಸೌತೆ ಎಲ್ಲ ಕಾಣುತ್ತವಂತೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ಜಾಸ್ತಿ. ಇದನ್ನು ಹೇಳಿದ್ದೇ ತಡ, ಅತ್ತೆ ಕನ್ನಡಕ ಹಾಕಿಕೊಂಡು ಕ್ಯಾಲೆಂಡರ್‌ನಲ್ಲಿ ತಿಥಿ ಹುಡುಕಿ ನಾವು ನೀಲ್‌ನಲ್ಲಿರುವ ದಿನಕ್ಕೆ ಹುಣ್ಣಿಮೆ ಎಷ್ಟು ಹತ್ತಿರ ಅಂತ ಹೇಳಿಬಿಟ್ಟರು. ಗಂಟೆ ನಿಮಿಷಕ್ಕೆ ಪೋರ್ಟ್ ಬ್ಲೇರ್‌ನ ಉಬ್ಬರ ಇಳಿತದ ಪಟ್ಟಿ ನೋಡಿಕೊಂಡೆ. ಆ ಬಂಡೆಗಳ ಮೇಲೆ ಅವರು ನಡೆಯಲಾರರು, ಪಾಚಿ ಇರುತ್ತದೆ. ಆದರೆ ಆ ದಿನದ ಪ್ಲಾನ್ ಅವರದ್ದೇ.

ಬಾರಾಟಾಂಗ್‌ನ ಸುಣ್ಣದಕಲ್ಲಿನ ಗುಹೆಗೆ ಹೋಗುವುದಿಲ್ಲ ಅಂತ ಮೊದಲೇ ನಿರ್ಧಾರ ಮಾಡಿದೆವು. ರಸ್ತೆಯಲ್ಲಿ ಹೋದರೆ ಜಾರವಾ ಆದಿವಾಸಿಗಳ ಮೀಸಲು ಕಾಡಿನೊಳಗೆ ಹಾದು ಹೋಗಬೇಕು. ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ಗುಹೆಗಿಂತ ಜಾಸ್ತಿ ಅವರನ್ನೇ ನೋಡುವ ಆಸೆಯಿಂದ ಹೋಗುವವರಿದ್ದಾರೆ. ಕೆಲವೇ ನೂರು ಜನ ಉಳಿದಿರುವ ಸಮುದಾಯ ಅದು. ಹೊರಗಿನವರ ಸಂಪರ್ಕ ಶುರುವಾದ ಸ್ವಲ್ಪ ಸಮಯಕ್ಕೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತ್ತು. ಒಬ್ಬರ ಮನೆಯಂಗಳದಲ್ಲಿ ದಿನಾ ಗಾಡಿಗಳು ಓಡಾಡಿದರೆ ಹೇಗಿರುತ್ತದೆ? ಇದನ್ನು ಮಕ್ಕಳಿಗೆ ಕೂರಿಸಿ ಹೇಳಿದೆ. ಮಗಳು ತಾನೇ ಆ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದಳು.

ಪುಟ್ಟನಿಗೆ ಹೇಳಬೇಕಾಗಿದ್ದು ಬೇರೆ. ಮುರುಡೇಶ್ವರಕ್ಕೆ ಹೋದಾಗ ಚಡ್ಡಿ ಜೇಬು ತುಂಬ ಚಿಪ್ಪು ತಂದಿದ್ದ. ಅಂಡಮಾನ್‌ನಲ್ಲಿ ಚಿಪ್ಪು, ಹವಳದ ಚೂರು ಏನನ್ನೂ ತರುವ ಹಾಗಿಲ್ಲ. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ನೋಡುತ್ತಾರೆ. ಹವಳಕ್ಕಂತೂ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ಈಗಿನಿಂದಲೇ ಒಪ್ಪಿಸಿದ್ದೇನೆ, ಆರಿಸುವುದು, ನೋಡುವುದು, ಮತ್ತೆ ಮರಳಿಗೇ ಬಿಡುವುದು. ಮೊಸಳೆ ಬೋರ್ಡು ಇರುವ ಕಡೆ ಯಾರೂ ನೀರಿಗೆ ಇಳಿಯುವಂತಿಲ್ಲ ಅನ್ನುವುದು ಇನ್ನೊಂದು ನಿಯಮ. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಈ ವಿಷಯದಲ್ಲಿ ನಮ್ಮನೆಯವರಿಗೂ ವಿನಾಯಿತಿ ಇಲ್ಲ.

ಊಟದ ಚಿಂತೆ ಅಷ್ಟಿಲ್ಲ. ಮೀನಿನ ಊರಾದರೂ ಅನ್ನ, ಬೇಳೆ, ಪಲ್ಯ ಸಿಗುತ್ತದೆ. ನೀಲ್‌ನಲ್ಲಿ ತರಕಾರಿ ಚೆನ್ನಾಗಿ ಬೆಳೆಯುತ್ತಾರೆ. ಆದರೂ ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ತೆಗೆದಿಟ್ಟಿದ್ದಾರೆ.

ಔಷಧಿ ಎಲ್ಲ ಪೂರ್ತಿ ಪ್ರವಾಸಕ್ಕೂ ಮೇಲೆ ಒಂದು ವಾರಕ್ಕೂ ಆಗುವಷ್ಟು, ಕೈಚೀಲದಲ್ಲೇ. ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ಜಿ.ಬಿ. ಪಂತ್ ಆಸ್ಪತ್ರೆ. ಅದು ನಿಂತಿರುವುದು ಹಳೇ ಜೈಲಿನ ಜಾಗದಲ್ಲೇ. ಬೋಟಿನಲ್ಲಿ ತಲೆಸುತ್ತು ವಾಂತಿ ಆಗದ ಹಾಗೆ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಂಡಿದ್ದೇನೆ. ದುಡ್ಡು ಸ್ವಲ್ಪ ನಗದಾಗಿಯೇ ಇರಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ, ಆದರೂ ಸಣ್ಣ ದ್ವೀಪದಲ್ಲಿ ಫೋನ್ ನಂಬಿ ಕೂರುವುದು ಬೇಡ.

ಕೊನೆಯ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ. ನೀಲ್‌ನಿಂದ ಬೆಳಗಿನ ಬೋಟು ಹಿಡಿದು ಅದೇ ದಿನ ವಿಮಾನ ಹತ್ತಬಹುದು, ಒಂದು ರೂಮಿನ ಬಾಡಿಗೆ ಉಳಿಯುತ್ತದೆ ಅಂತ ಇಬ್ಬರು ಮೂವರು ಸಲಹೆ ಕೊಟ್ಟರು. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ಹ್ಯಾವ್ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡಿದ್ದರು. ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಆ ಬಾಡಿಗೆ ಉಳಿಸುವುದು ನನಗೆ ಬೇಡ.

ಉಳಿದಿರುವುದು ಬೋಟಿನ ಟಿಕೆಟ್. ಖಾಸಗಿ ಬೋಟಿನಲ್ಲಿ ಹ್ಯಾವ್ಲಾಕ್‌ಗೆ ಒಂದೂವರೆ ಗಂಟೆ, ಸೀಟಿಗೆ ನಂಬರ್ ಇರುತ್ತದೆ. ಸರ್ಕಾರಿ ಬೋಟು ಅಗ್ಗ, ನಿಧಾನ. ಹಿರಿಯರಿಗೋಸ್ಕರ ಖಾಸಗಿಯೇ ಅಂತ ಆಗಿದೆ. ಈ ಭಾನುವಾರ ಎಲ್ಲರೂ ಕೂತು ಸೀಟು ಆರಿಸುತ್ತೇವೆ. ಮಕ್ಕಳಿಬ್ಬರೂ ಕಿಟಕಿಗೆ ಈಗಲೇ ಜಗಳ ಶುರು ಮಾಡಿದ್ದಾರೆ. ಅತ್ತೆಗೆ ಕಿಟಕಿ ಬೇಡವಂತೆ, ಬಾಗಿಲ ಹತ್ತಿರದ ಸೀಟೇ ಬೇಕಂತೆ.