ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಉಬುಂಟೂ

ನನ್ನ ಲ್ಯಾಪ್‌ಟಾಪ್ ಆನ್ ಮಾಡಿದರೆ ಮೊದಲು ಬರುವುದು ಗ್ರಬ್ ಮೆನು. ಉಬುಂಟು (ಲಿನಕ್ಸ್‌ನ ಒಂದು ಬಗೆ) ಬೇಕಾ, ವಿಂಡೋಸ್ ಬೇಕಾ ಅಂತ 10 ಸೆಕೆಂಡ್ ಕಾಯುತ್ತದೆ. ದಿನದ ಕೆಲಸವೆಲ್ಲ ಉಬುಂಟುವಿನಲ್ಲೇ. ಆದರೆ ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಹಳೆಯ ಫೈಲ್‌ಗಳು ಇನ್ನೂ ನನ್ನ ಹತ್ತಿರ ಇವೆ, ಅವನ್ನು ತಿದ್ದುವಾಗ ವಿಂಡೋಸೇ ಅನುಕೂಲ, ಹಾಗಾಗಿ ಅದನ್ನು ತೆಗೆಯುವ ಮನಸ್ಸಿಲ್ಲ.

ಎರಡನ್ನೂ ಹಾಕುವವರು ಗಡಿಯಾರದ ವಿಷಯ ತಿಳಿದಿರಬೇಕು. ಮದರ್‌ಬೋರ್ಡ್‌ನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ಓದುತ್ತದೆ. ಲಿನಕ್ಸ್ ಅದನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಅಂತ ಓದುತ್ತದೆ. ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಸಮಯ ಸರಿಯಾಗಿ 5 ಗಂಟೆ 30 ನಿಮಿಷ ಹಿಂದೆ ಇದ್ದರೆ ಬ್ಯಾಟರಿ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಭಾರತದ ಸಮಯಕ್ಕೂ ಯುಟಿಸಿಗೂ ಇರುವ ಅಂತರ ಅಷ್ಟೇ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಒಂದೇ ಕಮಾಂಡ್ ಕೊಟ್ಟು ಅದಕ್ಕೂ ಸ್ಥಳೀಯ ಸಮಯವನ್ನೇ ಹೊಂದಿಸಬಹುದು.

ಇನ್ನೊಂದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನಲ್‌ನ (ಸಿಸ್ಟಮ್‌ನ ತಿರುಳಿನ) ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಲಿನಕ್ಸ್ ವಿಂಡೋಸ್ ಇರುವ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನ ಭಾಗದಲ್ಲಿ) ಏನಾದರೂ ಬರೆದರೆ ಫೈಲ್ ಕೆಡಬಹುದು. ಸುಮ್ನೆ ಆಫ್ ಮಾಡಿಬಿಡಿ. ಬೂಟ್ ಆಗಲು ಸ್ವಲ್ಪ ಜಾಸ್ತಿ ಹೊತ್ತಾಗುತ್ತದೆ, ಆದರೆ ನಮ್ಮ ಫೈಲ್‌ಗಿಂತ ಅದು ದೊಡ್ಡದಲ್ಲ ಅಲ್ವಾ?

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ, ಪಾರ್ಟಿಷನ್ ಮುಟ್ಟುವ ಮೊದಲು 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬ್ಯಾಕಪ್ ಕೂಡ ತೆಗೆದಿಡಿ, ದಯವಿಟ್ಟು.