ಕ್ಲೂನಿಯಿಂದ ಆಂಜೆಗೆ: ಮಧ್ಯಯುಗದ ಟೇಪೆಸ್ಟ್ರಿ ನೋಡಲು ಹೊರಡುವವರಿಗೆ

ಟೇಪೆಸ್ಟ್ರಿ, ಅಂದರೆ ಚಿತ್ರವನ್ನೇ ನೇಯ್ದ ಗೋಡೆಪರದೆ, ನೋಡಲೆಂದೇ ಫ್ರಾನ್ಸಿಗೆ ಹೊರಟವರು ವಿಮಾನದ ಟಿಕೆಟ್ಟಿಗಿಂತ ಮೊದಲು ವಾರದ ದಿನದ ಲೆಕ್ಕ ಹಾಕಬೇಕು. ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಂಗೆ ಸೋಮವಾರ ರಜೆ. ಪ್ರಳಯದ ಟೇಪೆಸ್ಟ್ರಿ ಇರುವ ಆಂಜೆ ಕೋಟೆ ವಾರದ ಏಳೂ ದಿನ ತೆರೆದಿರುತ್ತದೆ, ಆದರೆ ಅದೇ ಊರಿನಲ್ಲಿ 20ನೇ ಶತಮಾನದ ಟೇಪೆಸ್ಟ್ರಿ ಕಲಾವಿದ ಝಾಂ ಲ್ಯುರ್ಸಾನ ಹೆಸರಿನ ಮ್ಯೂಸಿಯಂ ಸೋಮವಾರ ಬಾಗಿಲು ಹಾಕುತ್ತದೆ. ಜನವರಿ 1, ಮೇ 1, ಡಿಸೆಂಬರ್ 25ರಂದು ಕ್ಲೂನಿಯೂ ಇಲ್ಲ, ಕೋಟೆಯೂ ಇಲ್ಲ. ಆದ್ದರಿಂದ ಮಂಗಳವಾರ ಕ್ಲೂನಿ, ಬುಧವಾರ ಬೆಳಗ್ಗೆ ರೈಲಿನಲ್ಲಿ ಆಂಜೆ, ರಾತ್ರಿ ಅಲ್ಲೇ ತಂಗಿ ಗುರುವಾರ ಮಧ್ಯಾಹ್ನ ವಾಪಸ್. ಮೂರೇ ದಿನ, ಎರಡೇ ಜಾಗ. ಕಡಿಮೆಯಾಯಿತು ಅನ್ನಿಸಬಹುದು, ಆಗಿಲ್ಲ. ನಾಲ್ಕು ದಿನದಲ್ಲಿ ಆರು ಮ್ಯೂಸಿಯಂ ಸುತ್ತಿದವರಿಗೆ ಕೊನೆಗೆ ನೆನಪಿರುವುದು ಕಾಲುನೋವು ಮಾತ್ರ.

ಬಾಯೂ ಊರನ್ನು ಈ ಪಟ್ಟಿಯಿಂದ ಸದ್ಯಕ್ಕೆ ತೆಗೆದುಹಾಕಿ. 1066ರ ಇಂಗ್ಲೆಂಡ್ ದಂಡಯಾತ್ರೆಯನ್ನು ಚಿತ್ರಿಸುವ ಅಲ್ಲಿನ ಸುಮಾರು 70 ಮೀಟರ್ ಉದ್ದದ ಬಟ್ಟೆ ಪ್ರಸಿದ್ಧವೇ. ಆದರೆ ಮ್ಯೂಸಿಯಂ ನವೀಕರಣಕ್ಕಾಗಿ 2025ರ ಸೆಪ್ಟೆಂಬರಿನಿಂದ ಮುಚ್ಚಿದೆ, ಮತ್ತೆ ತೆರೆಯುವುದು 2027ರಲ್ಲಿ ಎಂದು ಪ್ರಕಟಿಸಿದ್ದಾರೆ. ಬಟ್ಟೆ 2026ರ ಸೆಪ್ಟೆಂಬರಿನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುತ್ತದೆ ಎಂಬ ಘೋಷಣೆಯೂ ಆಗಿದೆ. ಇನ್ನೊಂದು ಮಾತು: ಹೆಸರಿಗೆ ಟೇಪೆಸ್ಟ್ರಿಯಾದರೂ ಅದು ಟೇಪೆಸ್ಟ್ರಿಯೇ ಅಲ್ಲ. ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಸೂಜಿ ಕೆಲಸ.

ಈ ವ್ಯತ್ಯಾಸ ಕನ್ನಡಿಗರಿಗೆ ಸುಲಭ. ಬಾಯೂ ಬಟ್ಟೆ ಧಾರವಾಡದ ಕಸೂತಿಯ ಜಾತಿ. ಮೊದಲು ಬಟ್ಟೆ, ಆಮೇಲೆ ಚಿತ್ರ. ಟೇಪೆಸ್ಟ್ರಿ ನವಲಗುಂದದ ಜಮಖಾನೆಯ ಜಾತಿ. ಬಟ್ಟೆ ಹುಟ್ಟುವಾಗಲೇ ಚಿತ್ರವೂ ಹುಟ್ಟುತ್ತದೆ. ನವಲಗುಂದದ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ಹೊಕ್ಕಿನ (ಅಡ್ಡ) ನೂಲನ್ನು ಬಡಿದು ಬಡಿದು ಹಾಸಿನ (ಉದ್ದ) ನೂಲು ಕಾಣದಂತೆ ಮುಚ್ಚುತ್ತಾರಲ್ಲ, ಯುರೋಪಿನ ನೇಕಾರರು ಮಾಡಿದ್ದೂ ಅದನ್ನೇ, ಹತ್ತಿಯ ಬದಲು ಉಣ್ಣೆಯಲ್ಲಿ. ಹಾಸಿಗೆ ಬಣ್ಣ ಹಾಕದ ಉಣ್ಣೆ. ಹೊಕ್ಕಿಗೆ ಬಣ್ಣದ ಉಣ್ಣೆ, ದುಡ್ಡಿದ್ದವರಿಗೆ ರೇಷ್ಮೆ, ಇನ್ನೂ ದುಡ್ಡಿದ್ದವರಿಗೆ ಚಿನ್ನ ಬೆಳ್ಳಿ ಸುತ್ತಿದ ಎಳೆ. ಸೀರೆಯಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಪ್ರತಿ ಬಣ್ಣದ ಎಳೆ ತನ್ನ ಜಾಗದಲ್ಲಷ್ಟೇ ಹೋಗಿ ಬಂದು ನಿಲ್ಲುತ್ತದೆ. ಕೆಂಪಿನ ಪಕ್ಕ ನೀಲಿ ನೆಟ್ಟಗೆ ಮೇಲೇರಿದರೆ ನಡುವೆ ಸೀಳು ಉಳಿಯುತ್ತದೆ, ಅದನ್ನು ಆಮೇಲೆ ಸೂಜಿಯಲ್ಲಿ ಹೊಲಿಯಬೇಕು. ಶತಮಾನಗಟ್ಟಲೆ ತೂಗಿದ ಬಟ್ಟೆ ಮೊದಲು ಬಾಯಿ ಬಿಡುವುದು ಈ ಹೊಲಿಗೆಯಲ್ಲೇ.

ಹೊರಡುವ ಮೊದಲು ಇನ್ನೊಂದು ವಿಷಯ ತಲೆಯಲ್ಲಿರಲಿ. ದೊಡ್ಡ ಟೇಪೆಸ್ಟ್ರಿಗಳನ್ನು ಸಾಮಾನ್ಯವಾಗಿ ಅಡ್ಡಡ್ಡಲಾಗಿ ನೇಯುತ್ತಿದ್ದರು. ಮಗ್ಗದಲ್ಲಿದ್ದಾಗ ಮನುಷ್ಯರೆಲ್ಲ ಮಲಗಿರುತ್ತಾರೆ. ಗೋಡೆಗೆ ತೂಗುಹಾಕುವಾಗ ಎದ್ದು ನಿಲ್ಲುತ್ತಾರೆ, ಹಾಸು ಅಡ್ಡ ಬೀಳುತ್ತದೆ. ಮುಂದೆ ನಿಂತು ಸಣ್ಣ ಅಡ್ಡ ಏಣುಗಳನ್ನು ಹುಡುಕಿ, ಅವೇ ಹಾಸಿನ ಎಳೆಗಳು. ಮಲಗುಮಗ್ಗದಲ್ಲಿ ನೇಕಾರ ಕೆಲಸ ಮಾಡುವುದು ಹಿಂಬದಿಯಿಂದ, ಆದ್ದರಿಂದ ಮಾದರಿಚಿತ್ರ ಬಟ್ಟೆಯ ಮೇಲೆ ಎಡಬಲ ತಿರುಗುತ್ತದೆ. ಯಾವುದೇ ಮ್ಯೂಸಿಯಂನಲ್ಲಿ ಯೋಧರೆಲ್ಲ ಎಡಗೈಲಿ ಕತ್ತಿ ಹಿಡಿದಿದ್ದರೆ, ಮಾದರಿ ಬರೆದವನು ಈ ತಿರುವನ್ನು ಮರೆತಿರಬಹುದು ಎಂದುಕೊಳ್ಳಿ.

ಬಣ್ಣದ ವಿಷಯವೂ ನಮಗೆ ದೂರದ್ದಲ್ಲ. ಕೆಂಪು ಬಂದದ್ದು ನಮ್ಮ ಮಂಜಿಷ್ಠದ ಯುರೋಪಿನ ದಾಯಾದಿ ಬೇರಿನಿಂದ. ನೀಲಿ ಬಂದದ್ದು ವೋಡ್ ಎಂಬ ಗಿಡದಿಂದ. ಗಿಡ ಬೇರೆ, ಒಳಗಿನ ಬಣ್ಣವಸ್ತು ನಮ್ಮ ನೀಲಿಯದ್ದೇ. ಹಳದಿ ವೆಲ್ಡ್ ಎಂಬ ಗಿಡದ್ದು. ಬಣ್ಣ ಕಚ್ಚಲು ಪಟಿಕ. ಹಸಿರು ಬೇಕೆಂದರೆ ನೀಲಿಯ ಮೇಲೆ ಹಳದಿ ಹಾಕುತ್ತಿದ್ದರು. ಮೂವರಲ್ಲಿ ಬೇಗ ಕೈಕೊಡುವುದು ಹಳದಿ. ಹಾಗಾಗಿ ಹಳೆಯ ಟೇಪೆಸ್ಟ್ರಿಗಳಲ್ಲಿ ಮರಗಳೆಲ್ಲ ನೀಲಿ! ನೇಕಾರನ ಕಲ್ಪನೆ ಎಂದು ಮೆಚ್ಚಬೇಡಿ, ಅದು ಬಿಸಿಲಿನ ಕೆಲಸ.

ಕ್ಲೂನಿಗೆ ಮೆಟ್ರೋ 10ನೇ ಲೈನಿನ ಕ್ಲೂನಿ-ಲಾ ಸೊರ್ಬಾನ್ ನಿಲ್ದಾಣದಲ್ಲಿ ಇಳಿದರೆ ಎರಡೇ ಹೆಜ್ಜೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಅದಕ್ಕೇ ಆ ದಿನ ಬೇಡ. ಫ್ರಾನ್ಸಿನ ಕೆಲವು ದೊಡ್ಡ ತಾಣಗಳು ಯುರೋಪಿನ ಹೊರಗಿನವರಿಗೆ ಬೇರೆ ದರ ಇಟ್ಟಿವೆ. ಹಳೆಯ ಪ್ರವಾಸಕಥನದಲ್ಲಿ ಓದಿದ ದರ ನಂಬಿ ಬಜೆಟ್ ಹಾಕಬೇಡಿ, ಬುಕ್ ಮಾಡುವ ದಿನ ಆಯಾ ಮ್ಯೂಸಿಯಂನ ತಾಣದಲ್ಲೇ ನೋಡಿ.

ಇಲ್ಲಿನ ಮುಖ್ಯ ಆಕರ್ಷಣೆ 'ಮಹಿಳೆ ಮತ್ತು ಒಂಟಿಕೊಂಬಿನ ಕುದುರೆ'. 1500ರ ಆಸುಪಾಸಿನಲ್ಲಿ ಉಣ್ಣೆ, ರೇಷ್ಮೆಯಲ್ಲಿ ನೇಯ್ದ ಆರು ಪರದೆಗಳು, ಒಂದೇ ಮಬ್ಬು ಕೋಣೆಯಲ್ಲಿ. ಎಲ್ಲದರಲ್ಲೂ ಕಾಣುವ ಮೂರು ಬೆಳ್ಳಿ ಅರ್ಧಚಂದ್ರದ ಲಾಂಛನ ಲಿಯಾನ್ ಮೂಲದ ಲೆ ವಿಸ್ತ್ ಮನೆತನದ್ದು. 1841ರಲ್ಲಿ ಸ್ಮಾರಕಗಳ ಇನ್ಸ್‌ಪೆಕ್ಟರ್ ಪ್ರಾಸ್ಪರ್ ಮೆರಿಮೆ ಬೂಸಾಕ್ ಕೋಟೆಯಲ್ಲಿ ಇವನ್ನು ಗುರುತಿಸಿದಾಗ ಇಲಿಯೂ ತೇವವೂ ಸಾಕಷ್ಟು ತಿಂದಿದ್ದವು. ಮ್ಯೂಸಿಯಂ ಕೊಂಡದ್ದು 1882ರಲ್ಲಿ. ಐದು ಪರದೆ ಐದು ಇಂದ್ರಿಯಗಳಿಗೆ. ಸುಳಿವು ಬೇಕಾದರೆ ಕೋತಿಯನ್ನು ಹುಡುಕಿ: ರುಚಿಯ ಪರದೆಯಲ್ಲಿ ಅದು ತಿನ್ನುತ್ತಿರುತ್ತದೆ, ವಾಸನೆಯದರಲ್ಲಿ ಬುಟ್ಟಿಯಿಂದ ಕದ್ದ ಹೂ ಮೂಸುತ್ತಿರುತ್ತದೆ. ಸ್ಪರ್ಶದಲ್ಲಿ ಮಹಿಳೆ ಕೊಂಬನ್ನೇ ಹಿಡಿದಿದ್ದಾಳೆ. ಶ್ರವಣದಲ್ಲಿ ಒಡತಿ ಪುಟ್ಟ ಆರ್ಗನ್ ನುಡಿಸುತ್ತಾಳೆ, ಹಿಂದೆ ನಿಂತ ದಾಸಿ ತಿದಿ ಒತ್ತುತ್ತಾಳೆ. ನೋಟದಲ್ಲಿ ಒಂಟಿಕೊಂಬು ಮುಂಗಾಲುಗಳನ್ನು ಅವಳ ಮಡಿಲಲ್ಲಿಟ್ಟು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತದೆ. ಈ ಕನ್ನಡಿ ನೆನಪಿಟ್ಟುಕೊಳ್ಳಿ, ಆಂಜೆಯಲ್ಲಿ ಬೇಕಾಗುತ್ತದೆ. ಆರನೆಯದರ ಡೇರೆಯ ಮೇಲೆ 'ನನ್ನ ಏಕೈಕ ಬಯಕೆಗೆ' ಎಂಬರ್ಥದ ಬರಹವಿದೆ. ಆರನೇ ಇಂದ್ರಿಯ ಯಾವುದೆಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ನೀವು ಆ ಜಗಳದಲ್ಲಿ ಹೊತ್ತು ಕಳೆಯುವುದಕ್ಕಿಂತ ಪರದೆಗಳ ಬುಡಕ್ಕೆ ಬಗ್ಗಿ ನೋಡಿ. ಕೆಳಗಿನ ಪಟ್ಟಿ ಮಾತ್ರ ಪೇಲವ ಗುಲಾಬಿ. 19ನೇ ಶತಮಾನದ ಕೊನೆಯಲ್ಲಿ ಕೊಳೆತ ಭಾಗವನ್ನು ರಾಸಾಯನಿಕ ಬಣ್ಣದ ಉಣ್ಣೆಯಲ್ಲಿ ಮತ್ತೆ ನೇಯ್ದರು. ಆ ಹೊಸ ಕೆಂಪು ಕೆಲವೇ ದಶಕಗಳಲ್ಲಿ ಬಿಳಿಚಿತು, 500 ವರ್ಷ ಹಳೆಯ ಬೇರಿನ ಕೆಂಪು ಪಕ್ಕದಲ್ಲೇ ಗಟ್ಟಿಯಾಗಿ ನಿಂತಿದೆ.

ಅದೇ ಮ್ಯೂಸಿಯಂನಲ್ಲಿ ಓಸೇರ್ ಚರ್ಚಿಗಾಗಿ ನೇಯಿಸಿದ ಸಂತ ಸ್ಟೀಫನ್ನನ ಕಥೆ ಇದೆ. ಕೋಣೆ ಖಾಲಿ ಇರುವುದೇ ಹೆಚ್ಚು. ನೇಯ್ಗೆಯನ್ನು ನಿರಾಳವಾಗಿ ಗಮನಿಸಲು ಒಳ್ಳೆಯ ಜಾಗ.

ಆಂಜೆಗೆ ರೈಲು ಮೊಂಪರ್ನಾಸ್ ನಿಲ್ದಾಣದಿಂದ, ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ತಿಂಗಳುಗಳ ಮೊದಲೇ ಕೊಂಡರೆ ಅಗ್ಗ, ಹಿಂದಿನ ದಿನ ಕೊಂಡರೆ ಕಣ್ಣೀರು. ತಪ್ಪುವುದು ಎರಡು ಕಡೆ. ಮೊಂಪರ್ನಾಸ್‌ನಲ್ಲಿ ಹಾಲ್‌ಗಳು ಹಲವು. ವೋಜಿರಾರ್ ಹಾಲ್ ಮೆಟ್ರೋದಿಂದ ಹತ್ತು ನಿಮಿಷದ ನಡಿಗೆ, ರೈಲು ಹೊರಡುವ ಎರಡು ನಿಮಿಷ ಮೊದಲೇ ಅದರ ಬಾಗಿಲು ಮುಚ್ಚುತ್ತದೆ. ಎರಡನೆಯದು, ಕೆಲವೊಮ್ಮೆ ಎರಡು ರೈಲನ್ನು ಜೋಡಿಸಿ ಬಿಡುತ್ತಾರೆ, ದಾರಿಯಲ್ಲಿ ಬೇರೆಯಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಬೋಗಿ ನಂಬರ್ ನೋಡದೆ ಹತ್ತಬೇಡಿ. ಇಳಿಯುವುದು ಆಂಜೆ ಸೇಂಟ್-ಲೋ. ಪ್ಯಾರಿಸ್ ನಗರ ಬೇಡವೆಂದರೆ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಆಂಜೆಗೆ ನೇರ ಟಿಜಿವಿ ದಿನಕ್ಕೆ ಕೆಲವೇ ಇವೆ, ಆದರೆ ವಿಮಾನ ತಡವಾದರೆ ಆ ಟಿಕೆಟ್ ನೀರಿಗೆ ಹಾಕಿದಂತೆ. ಸೂಟ್‌ಕೇಸ್ ಹೋಟೆಲಿನಲ್ಲಿ ಬಿಟ್ಟೇ ಕೋಟೆಗೆ ಹೋಗಿ, ದೊಡ್ಡ ಲಗೇಜಿಗೆ ಇಂಥ ಕಡೆ ಪ್ರವೇಶವಿಲ್ಲ. ಮಧ್ಯಾಹ್ನದ ಊಟ ಎರಡರೊಳಗೆ ಮುಗಿಸಿ. ಆಮೇಲೆ ಸಂಜೆ ಏಳರವರೆಗೆ ಅಡುಗೆಮನೆಗಳು ತಣ್ಣಗಿರುತ್ತವೆ. ಸಸ್ಯಾಹಾರಿಗಳಿಗೆ ಮೊಟ್ಟೆ-ಚೀಸಿನ ಗಾಲೆತ್ ದೋಸೆ ಸಿಗುತ್ತದೆ. ಕೀಶ್ ಎಂಬ ಮೊಟ್ಟೆ ತುಂಬಿದ ಪೈ ಕೊಳ್ಳುವಾಗ ಕೇಳಿ ಕೊಳ್ಳಿ, ಒಳಗೆ ಹಂದಿಮಾಂಸದ ಚೂರು ಇರುವುದುಂಟು.

ಕೋಟೆ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ: ಕಪ್ಪು ಕಲ್ಲಿಗೆ ಬಿಳಿ ಕಲ್ಲಿನ ಪಟ್ಟಿ ಹಾಕಿದ 17 ಬುರುಜುಗಳು, 13ನೇ ಶತಮಾನದ್ದು. ಮೊದಲು ತೋಟ, ಗೋಡೆ ಎಲ್ಲ ಸುತ್ತಿ ಸುಸ್ತಾಗಿ ಒಳಗೆ ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ನೇರ ಟೇಪೆಸ್ಟ್ರಿ ಗ್ಯಾಲರಿಗೆ ನಡೆಯಿರಿ. ಒಳಗೆ ಬೆಳಕು ಸುಮಾರು 40 ಲಕ್ಸ್. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲು. ಏನೂ ಕಾಣಲಿಲ್ಲವೆಂದು ಐದು ನಿಮಿಷಕ್ಕೆ ಹೊರಬರುವವರಿದ್ದಾರೆ, ಪಾಪ. ಬೆಂಚಿನಲ್ಲಿ ಹತ್ತು ನಿಮಿಷ ಕೂತರೆ ಕೆಂಪು ನೀಲಿ ತಾವಾಗಿ ಮೇಲೇಳುತ್ತವೆ. ಆ ಹತ್ತು ನಿಮಿಷ ಫೋನ್ ತೆಗೆಯಬೇಡಿ, ಪರದೆಯ ಬೆಳಕು ಕಣ್ಣನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಫ್ಲ್ಯಾಶ್ ಅಂತೂ ನಿಷಿದ್ಧ. ಮೇಲಿನ ಸಾಲಿಗೆ ಪುಟ್ಟ ದುರ್ಬೀನು ಒಯ್ದರೆ ಟೇಪೆಸ್ಟ್ರಿ ಎರಡು ಪಟ್ಟು ದೊಡ್ಡದಾದಂತೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಇದು ಬೈಬಲಿನ ಕೊನೆಯ ಭಾಗದ, ಸಂತ ಯೋಹಾನ ಕಂಡ ಪ್ರಳಯ ದರ್ಶನದ ಕಥೆ. ಆಂಜೂ ಪ್ರಾಂತದ ಡ್ಯೂಕ್ ಒಂದನೇ ಲೂಯಿ 1370ರ ದಶಕದ ಮಧ್ಯದಲ್ಲಿ ಮಾಡಿಸತೊಡಗಿದ. ವಿನ್ಯಾಸ ದೊರೆ ಐದನೇ ಚಾರ್ಲ್ಸ್‌ನ ಚಿತ್ರಕಾರ ಬ್ರೂಜಿನ ಝಾಂ ದ ಬಾಂದೋಲ್‌ನದು, ನೇಯಿಸಿ ಕೊಟ್ಟದ್ದು ಪ್ಯಾರಿಸ್ ವರ್ತಕ ನಿಕೊಲಾ ಬತಾಯ್. ಒಟ್ಟು ಆರು ತುಂಡು, ಒಂದೊಂದು 6 ಮೀಟರ್ ಎತ್ತರ, 23 ಮೀಟರಿಗೂ ಉದ್ದ. ಪ್ರತಿ ತುಂಡಿನ ಆರಂಭದಲ್ಲಿ ಮಂಟಪದಡಿ ಕೂತು ಪುಸ್ತಕ ಓದುವ ಆಳೆತ್ತರ ಮೀರಿದ ಒಬ್ಬ ವ್ಯಕ್ತಿ, ನಂತರ ಏಳೇಳು ದೃಶ್ಯಗಳ ಎರಡು ಸಾಲು. ಲೆಕ್ಕ 90. ಉಳಿದದ್ದು 70 ಚಿಲ್ಲರೆ, ಉದ್ದ 100 ಮೀಟರ್ ಆಸುಪಾಸು, ಎತ್ತರ ಸುಮಾರು 4.5 ಮೀಟರ್, ಕೆಳಗಿದ್ದ ಬರಹದ ಪಟ್ಟಿ ಹೋಗಿಬಿಟ್ಟಿದೆ. ಓದುವ ಕ್ರಮ ಗೊತ್ತಿಲ್ಲದಿದ್ದರೆ ಕಥೆ ಕಲಸಿಹೋಗುತ್ತದೆ: ಒಂದು ತುಂಡಿನ ಮೇಲಿನ ಸಾಲು ಎಡದಿಂದ ಬಲಕ್ಕೆ ಮುಗಿಸಿ, ಆಮೇಲೆ ಅದರ ಕೆಳಸಾಲು. ಹಿನ್ನೆಲೆ ಒಂದು ಕೆಂಪು ಒಂದು ನೀಲಿ, ಚದುರಂಗದ ಮಣೆಯಂತೆ. ಒಂದೇ ಬಣ್ಣ ಎರಡು ಸಲ ಬಂದರೆ ನಡುವೆ ಒಂದು ದೃಶ್ಯ ಕಳೆದುಹೋಗಿರಬಹುದು ಎಂದು ಅನುಮಾನಿಸಿ. ಪ್ರತಿ ದೃಶ್ಯದ ಅಂಚಿನಲ್ಲಿ ಯೋಹಾನನನ್ನು ಹುಡುಕಿ. ನಮ್ಮ ಹಾಗೆಯೇ ನೋಡುತ್ತಾ ನಿಂತಿರುತ್ತಾನೆ, ಒಮ್ಮೆ ಬೆರಗಾಗಿ, ಒಮ್ಮೆ ಅಳುತ್ತಾ.

ನೇಯಿಸಿದ ಕಾಲ ಇಂಗ್ಲೆಂಡ್-ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದ್ದು. ಡ್ರ್ಯಾಗನ್ ಏಳು ತಲೆಯ ಮೃಗಕ್ಕೆ ಲಿಲ್ಲಿ ಹೂವಿನ ರಾಜದಂಡ ಒಪ್ಪಿಸುವ ದೃಶ್ಯದ ಮುಂದೆ ನಿಲ್ಲಿ. ಆ ಹೂ ಫ್ರೆಂಚ್ ಅರಸೊತ್ತಿಗೆಯ ಗುರುತು. ಇಂಗ್ಲಿಷರು ಫ್ರಾನ್ಸಿನ ಕಿರೀಟ ಕೇಳುತ್ತಿದ್ದ ದಿನಗಳಲ್ಲಿ ಇದನ್ನು ನೋಡಿದವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಮುಂದೆ ಬ್ಯಾಬಿಲೋನಿನ ವೇಶ್ಯೆ ಬರುತ್ತಾಳೆ, ಉಕ್ಕುವ ನೀರಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಾ, ಕೈಯಲ್ಲಿ ಕನ್ನಡಿ. ಕ್ಲೂನಿಯ ಕನ್ನಡಿ ಈಗ ನೆನಪಿಗೆ ಬರಲಿ: ಅಲ್ಲಿ ಅದು ಪ್ರೀತಿಯಿಂದ ಹಿಡಿದದ್ದು, ಇಲ್ಲಿ ದುರಹಂಕಾರದ ಗುರುತು. ಕ್ಲೂನಿಯಲ್ಲಿ ರೇಷ್ಮೆಯ ಹೊಳಪಿದೆ, ಇಲ್ಲಿ ಬರೀ ಉಣ್ಣೆ, ಸೆಂಟಿಮೀಟರಿಗೆ ಐದರ ಆಸುಪಾಸು ಹಾಸಿನ ಎಳೆ. ಮುಖದ ನೆರಳು ಮೂಡಿಸಲು ಎರಡು ಬಣ್ಣದ ಎಳೆಗಳನ್ನು ಬಾಚಣಿಗೆ ಹಲ್ಲಿನಂತೆ ಒಂದರೊಳಗೊಂದು ನುಗ್ಗಿಸಿದ್ದಾರೆ. ಒಂದು ಮೀಟರ್ ದೂರದಲ್ಲಿ ಅದು ಬರೀ ಗೀರು, ಐದು ಮೀಟರ್ ಹಿಂದೆ ಸರಿದರೆ ಕೆನ್ನೆ.

ಇದರ ಹಿಂಬದಿಯಲ್ಲಿ ಗಂಟು, ತುದಿ ಎಲ್ಲ ಒಳಗೇ ಅಡಗಿಸಿದ್ದಾರೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಯಂತೆ ಎರಡೂ ಬದಿ ಒಂದೇ ರೂಪ. 1982ರಲ್ಲಿ ಅಸ್ತರಿ ಬಿಚ್ಚಿದಾಗ ಬೆಳಕು ಕಾಣದ ಆ ಬದಿಯ ಹಸಿರು ಹಸಿರಾಗಿಯೇ ಇತ್ತು. ಹಿಂಬದಿ ಗೋಡೆಗೆ ಮುಖ ಮಾಡಿದೆ, ಅದನ್ನು ಫೋಟೋದಲ್ಲೇ ನೋಡಬೇಕು. ನೋಡಿಯೇ ಒಳಗೆ ಹೋದರೆ ಮಾಸಿದ ಮರಗಳ ಮೇಲೆ ಹಳದಿಯನ್ನು ಮನಸ್ಸಿನಲ್ಲೇ ಹಚ್ಚಿಕೊಳ್ಳಬಹುದು.

1480ರಲ್ಲಿ ಇದು ಆಂಜೆಯ ಕೆಥೆಡ್ರಲ್ ಪಾಲಾಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕತ್ತರಿಸಿ ಕಿತ್ತಳೆ ಗಿಡಕ್ಕೆ ಹಿಮದ ಹೊದಿಕೆ, ಲಾಯದಲ್ಲಿ ಕುದುರೆಗೆ ಆಸರೆ, ನೆಲಕ್ಕೆ ಚಾಪೆ ಮಾಡಿದರು. 1848ರಿಂದ ಜುಬೇರ್ ಎಂಬ ಪಾದ್ರಿ ಚೂರುಗಳನ್ನು ಹುಡುಕಿ ಹೊಲಿಸತೊಡಗಿದ. ಈಗಿನ ಗ್ಯಾಲರಿ 1954ರದ್ದು. ಚಿನ್ನದ ಎಳೆ ಇಲ್ಲದ್ದೇ ಇದರ ಪುಣ್ಯ ಎನ್ನಬೇಕು: ಅರಮನೆಯ ಎಷ್ಟೋ ಜರಿ ಟೇಪೆಸ್ಟ್ರಿಗಳನ್ನು 1797ರಲ್ಲಿ ಲೋಹಕ್ಕಾಗಿ ಸುಟ್ಟರು.

ಗುರುವಾರ ಬೆಳಗ್ಗೆ ಮೇನ್ ನದಿ ದಾಟಿ ಲ್ಯುರ್ಸಾ ಮ್ಯೂಸಿಯಂಗೆ ಹೋಗಿ. 12ನೇ ಶತಮಾನದ ಆಸ್ಪತ್ರೆಯ ಕಟ್ಟಡ. ಆಂಜೆಯ ಪ್ರಳಯವನ್ನು ಕಂಡು ಬೆರಗಾದ ಲ್ಯುರ್ಸಾ, ಅಣುಬಾಂಬಿನ ಕಾಲಕ್ಕೆ ತಕ್ಕಂತೆ ಮಾಡಿಸಿದ ಹತ್ತು ಪರದೆಗಳ ಸರಣಿ ಅಲ್ಲಿದೆ. ಒಂದು ಗಂಟೆ ಸಾಕು.

ಬೇಟೆ, ಟ್ರಾಯ್ ಯುದ್ಧ, ಅಲೆಕ್ಸಾಂಡರ್, ಇವೆಲ್ಲ ಆ ಕಾಲದ ನೆಚ್ಚಿನ ವಸ್ತುಗಳೇ ಆದರೂ ಈ ದಾರಿಯಲ್ಲಿ ಹೆಚ್ಚು ಸಿಗುವುದಿಲ್ಲ. ಬೇಟೆ ಬೇಕೆಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಕ್ಲೂನಿಯದರಂತೆ ಹಿನ್ನೆಲೆ ತುಂಬ ಹೂ ಚೆಲ್ಲಿದ ಪರದೆ ಇನ್ನೂ ಬೇಕೆಂದರೆ ಸ್ವಿಟ್ಜರ್ಲೆಂಡಿನ ಬರ್ನ್. ನ್ಯೂಜೆರ್ಸಿಯ ಕನ್ನಡಿಗರಿಗಂತೂ ಯುರೋಪಿಗೆ ಹೋಗುವ ಮೊದಲೇ ಅಭ್ಯಾಸಕ್ಕೆ ಜಾಗವಿದೆ: ಮ್ಯಾನ್‌ಹಟನ್ನಿನ ಮೆಟ್ ಕ್ಲಾಯ್ಸ್ಟರ್ಸ್, ಎ ರೈಲಿನಲ್ಲಿ 190ನೇ ಸ್ಟ್ರೀಟ್, ಬುಧವಾರ ರಜೆ. ಒಂಟಿಕೊಂಬಿನ ಬೇಟೆಯ ಏಳು ಪರದೆಗಳು ಅಲ್ಲಿವೆ. ಬೇಲಿಯೊಳಗೆ ಕೂತ ಒಂಟಿಕೊಂಬಿನ ಮೈಮೇಲಿನ ಕೆಂಪು ಹನಿಗಳನ್ನು ರಕ್ತವೆಂದುಕೊಳ್ಳುವ ಮೊದಲು ತಲೆಯೆತ್ತಿ ಮರ ನೋಡಿ, ಬಿರಿದ ದಾಳಿಂಬೆ ತೂಗುತ್ತಿರುತ್ತದೆ.