ಮೇಷ್ಟ್ರ ಹೆಬ್ಬೆರಳು ಮತ್ತು ಐದು ಪೆನ್ನು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ತೀರಿಕೊಂಡರು ಅಂತ ಸುದ್ದಿ ಬಂದಾಗ ನನಗೆ ಮೊದಲು ನೆನಪಾಗಿದ್ದು ಅವರ ಹೆಬ್ಬೆರಳು. ಅದು ಸದಾ ರಿಮೋಟಿನ ಮೇಲೆ ಇರುತ್ತಿತ್ತು. ಕ್ಲಾಸಿನಲ್ಲಿ ಸಿನಿಮಾ ಹಾಕುವುದು, ಸರಿಯಾಗಿ ಮಜಾ ಬರುವ ಹೊತ್ತಿಗೆ ನಿಲ್ಲಿಸಿ ‘ಈಗ ನೀನಾಗಿದ್ರೆ ಏನು ಮಾಡ್ತಿದ್ದೆ?’ ಅನ್ನುವುದು. ಪಠ್ಯಪುಸ್ತಕದಲ್ಲಿ ಏನಿತ್ತೋ ದೇವರಾಣೆ ನೆನಪಿಲ್ಲ.

1936ರ ‘ಮಾಡರ್ನ್ ಟೈಮ್ಸ್’ನಲ್ಲಿ ಕೆಲಸಗಾರನಿಗೆ ಊಟ ತಿನ್ನಿಸುವ ಯಂತ್ರ ಬರುತ್ತದಲ್ಲ, ಅದು ಕೆಟ್ಟು ಚಾಪ್ಲಿನ್ ಮುಖಕ್ಕೆ ರಪರಪ ಬಡಿಯುವಾಗ ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಮೇಷ್ಟ್ರು ನಿಲ್ಲಿಸಿದರು. ಮಾಲೀಕ ಆ ಯಂತ್ರ ಬೇಡ ಅಂದಿದ್ದು ಯಾಕೆ, ಕೆಲಸಗಾರನಿಗೆ ನೋವಾಯ್ತು ಅಂತಲಾ, ಇಲ್ಲಾ ಇದರಿಂದ ಉಪಯೋಗ ಇಲ್ಲ ಅಂತಲಾ? ನಗು ಅಲ್ಲಿಗೇ ನಿಂತಿತು.

ಆದರೆ ನನ್ನನ್ನು ಇವತ್ತಿಗೂ ಬಿಡದ ಸಿನಿಮಾ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946). ದುಡ್ಡು ಮುಳುಗುತ್ತದೆ ಅಂತ ಗಾಬರಿಯಾದ ಜನ ಕಥಾನಾಯಕ ಜಾರ್ಜ್‌ನ ಸಾಲಸಂಸ್ಥೆಗೆ ನುಗ್ಗುತ್ತಾರೆ. ನಿಮ್ಮ ದುಡ್ಡು ಪೆಟ್ಟಿಗೆಯಲ್ಲಿ ಇಲ್ಲ, ನಿಮ್ಮ ಪಕ್ಕದವನ ಮನೆಯಾಗಿದೆ ಅಂತ ಅವನು ಬಡಕೊಳ್ಳುತ್ತಾನೆ. ಕೊನೆಗೆ ಹನಿಮೂನಿಗೆ ಇಟ್ಟಿದ್ದ 2000 ಡಾಲರ್ ತೆಗೆದು ಹಂಚಲು ನಿಲ್ಲುತ್ತಾನೆ. ಒಬ್ಬ ತನ್ನ 242 ಡಾಲರನ್ನೂ ಪೂರ್ತಿ ಕೇಳುತ್ತಾನೆ. ಹೆಬ್ಬೆರಳು ಒತ್ತಿತು. ‘ಇವನು ಕೇಳಿದ್ದು ತಪ್ಪಾ? ಅವನ ದುಡ್ಡೇ ಅಲ್ವಾ?’ ಪೂರ್ತಿ ಪೀರಿಯಡ್ ಜಗಳ. ಮುಂದಿನ ವಾರ ನೋಡಿದರೆ ಒಬ್ಬ ಹೆಂಗಸು ಹದಿನೇಳೂವರೆ ಡಾಲರ್ ಸಾಕು ಅನ್ನುತ್ತಾಳೆ. ಬ್ಯಾಂಕು ಯಾಕೆ ನಿಲ್ಲುತ್ತದೆ, ಯಾಕೆ ಬೀಳುತ್ತದೆ ಅನ್ನುವುದು ಆ ಎರಡು ಲೆಕ್ಕದ ನಡುವೆ ನನಗೆ ಅರ್ಥವಾಯಿತು.

ಈಗ ನಮ್ಮ ಕಿತಾಪತಿ. ಹಿಂದಿನ ಬೆಂಚಿಗೆ ಸಬ್‌ಟೈಟಲ್ ಕಾಣುತ್ತಿರಲಿಲ್ಲ. ನಾನು ಮೊದಲೇ ಓಡಿಹೋಗಿ ಮುಂದಿನ ಬೆಂಚಿನ ತುಂಬ ಬ್ಯಾಗ್ ಇಟ್ಟು ಸೀಟು ಮಾರತೊಡಗಿದೆ. ಒಂದು ಸೀಟಿಗೆ ಒಂದು ಪೆನ್ನು. ವ್ಯಾಪಾರ ಜೋರಾಗಿತ್ತು! ಕಣ್ಣು ಮಂಜಿದ್ದ ಒಬ್ಬ ಹುಡುಗ ತನ್ನ ಒಂದೇ ಪೆನ್ನು ಕೊಟ್ಟು ಕೂತ. ಮುಂದಿನ ಕ್ಲಾಸಿನ ಟೆಸ್ಟನ್ನು ಪೆನ್ಸಿಲಿನಲ್ಲಿ ಬರೆದ. ಸಿಕ್ಕಿಬಿದ್ದೆ.

ಮೇಷ್ಟ್ರು ಬೈಯಲಿಲ್ಲ. ಬೋರ್ಡಿನ ಮೇಲೆ ಬೇಡಿಕೆ–ಪೂರೈಕೆ ಗೆರೆ ಎಳೆಯಲು ನನಗೇ ಹೇಳಿದರು. ಚೆನ್ನಾಗಿಯೇ ಎಳೆದೆ, ಸ್ವಲ್ಪ ಜಂಬವೂ ಬಂತು. ಆಮೇಲೆ ಕೇಳಿದರು: ‘ಬೆಂಚು ನಿಂದಾ?’

ಜೇಬಿನಲ್ಲಿ ನಾಲ್ಕೇ ಪೆನ್ನು ಇದ್ದವು. ಐದನೆಯದು, ಅದೇ ಹುಡುಗನದ್ದು, ಎಲ್ಲೋ ಕಳೆದುಹೋಗಿತ್ತು. ನಾಲ್ಕನ್ನೂ ಡ್ರಾಯರಿಗೆ ಹಾಕಿ ಮೇಷ್ಟ್ರು ಘೋಷಿಸಿದರು, ‘ಇದು ಬ್ಯಾಂಕು. ಐದು ಜನರ ಠೇವಣಿ ಇದೆ. ದಯವಿಟ್ಟು ಎಲ್ಲರೂ ಒಂದೇ ದಿನ ಬರಬೇಡಿ.’ ಅವನಿಗೆ ಬರೆಯಲು ಸದ್ಯಕ್ಕೆ ತಮ್ಮ ಪೆನ್ನು ಕೊಟ್ಟರು.

ನಾನೀಗ ಆಡಿಟರ್. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಒಂದು ಸಲ ದೊಡ್ಡ ಗಿರಾಕಿಯ ಲೆಕ್ಕಕ್ಕೆ ಸಹಿ ಹಾಕದೆ ಎದ್ದು ಬಂದಿದ್ದೇನೆ. ಗಿರಾಕಿ ಹೋದ, ನಿದ್ದೆ ಚೆನ್ನಾಗಿ ಬಂತು. ನನ್ನ ಮಗಳ ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ಮೂರು ನಿಮಿಷದ ವಿಡಿಯೋ ತೋರಿಸಿ, ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಟಿಕ್ ಹಾಕಿ ಅನ್ನುತ್ತಾರೆ. ಟೀಚರನ್ನು ಬೈದು ಏನು ಪ್ರಯೋಜನ, ಸಿಲಬಸ್ ಮುಗಿಸಬೇಕಲ್ಲ. ಆದರೂ 242 ಡಾಲರ್ ಕೇಳಿದ್ದು ಸರಿಯೋ ತಪ್ಪೋ ಅನ್ನುವುದಕ್ಕೆ ನಾಲ್ಕು ಆಯ್ಕೆ ಎಲ್ಲಿಂದ ತರುತ್ತಾರೆ?

ಮೇಷ್ಟ್ರ ನೆನಪಿಗೆ ಹಳಬರೆಲ್ಲ ಸೇರಿದ್ದೆವು. ಮೌನಾಚರಣೆ ಮುಗಿದು ಕೂರುವಾಗ ಹಿಂದಿನಿಂದ ಯಾರೋ ಬೆನ್ನು ತಿವಿದರು. ದಪ್ಪ ಕನ್ನಡಕ, ತಲೆ ಅರ್ಧ ನೆರೆತಿದೆ.

‘ನನ್ನ ಪೆನ್ನು ಇನ್ನೂ ಬಾಕಿ ಇದೆ ಕಣೋ.’

ಜೇಬಿನಿಂದ ತೆಗೆದು ಕೊಟ್ಟೆ. ಆಹ್ವಾನ ಪತ್ರಿಕೆಯ ಹಿಂದೆ ಗೀಚಿ ನೋಡಿ, ಬರೆಯುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಜೇಬಿಗೆ ಸಿಕ್ಕಿಸಿಕೊಂಡ.